ಮೆಟ್ರೊ ದರಕ್ಕೆ ಉತ್ತರ ಕೊಡಬೇಕಾದವರು ಯಾರು?

ಸಂವಿಧಾನದ ಏಳನೇ ಅನುಸೂಚಿ ಶಾಸನಾಧಿಕಾರವನ್ನು ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಮತ್ತು ಸಮವರ್ತಿ ಪಟ್ಟಿ ಎಂದು ಹಂಚಿದೆ. ರೈಲ್ವೆ ಕೇಂದ್ರದ್ದು, ಪೊಲೀಸ್, ಕೃಷಿ, ಸ್ಥಳೀಯ ಸಂಸ್ಥೆಗಳು ರಾಜ್ಯದವು, ಸಮವರ್ತಿ ಪಟ್ಟಿಯ ವಿಷಯಗಳಲ್ಲಿ ಇಬ್ಬರೂ ಕಾನೂನು ಮಾಡಬಹುದಾದರೂ, ಘರ್ಷಣೆ ಬಂದರೆ ಸಾಮಾನ್ಯವಾಗಿ ಸಂಸತ್ತಿನ ಕಾನೂನೇ ಮೇಲಾಗುತ್ತದೆ. 1976ರ 42ನೇ ತಿದ್ದುಪಡಿ ಶಿಕ್ಷಣ ಮತ್ತು ಅರಣ್ಯಗಳನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸರಿಸಿತು. ಈ ಹಂಚಿಕೆಯಲ್ಲಿ ಯಾರ ಕೈ ಮೇಲು ಎಂಬ ಚರ್ಚೆ ಸದಾ ನಡೆಯುತ್ತದೆ. ತಪ್ಪಾದಾಗ ನಾಗರಿಕ ಯಾರನ್ನು ಕೇಳಬೇಕು ಎಂಬುದು ನನಗೆ ಅಷ್ಟೇ ಮುಖ್ಯವಾದ ಪ್ರಶ್ನೆ.

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಆ ದಿನಗಳಲ್ಲಿ ಮೆಜೆಸ್ಟಿಕ್ ನಿಲ್ದಾಣದಿಂದ ಹೊರಬರುವಾಗ, ಗೇಟಿನ ಪುಟ್ಟ ಪರದೆಯಲ್ಲಿ ಕಾರ್ಡಿನಿಂದ ಕಡಿತವಾದ ಮೊತ್ತವನ್ನು ಕಂಡು ಜನ ಒಂದು ಕ್ಷಣ ನಿಂತುಬಿಡುತ್ತಿದ್ದರು. ರಾಜ್ಯದವರು ಕೇಂದ್ರದತ್ತ, ಕೇಂದ್ರದವರು ರಾಜ್ಯದತ್ತ ಬೆರಳು ತೋರಿಸಿದರು. ವಾಸ್ತವದಲ್ಲಿ ಮೆಟ್ರೊ ನಿಗಮ ಇಬ್ಬರ ಸಮಪಾಲಿನ ಸಂಸ್ಥೆ. ದರ ನಿಗದಿ ಸಮಿತಿ ರಚನೆಯಾಗುವುದು ಸಂಸತ್ತಿನ 2002ರ ಕಾಯ್ದೆಯಡಿ, ಕೇಂದ್ರದಿಂದ. ಅದರಲ್ಲಿ ಹಾಲಿ ಅಥವಾ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಎರಡೂ ಸರ್ಕಾರಗಳ ಪ್ರತಿನಿಧಿಗಳು ಇರುತ್ತಾರೆ. ಸಮಿತಿಯ ಶಿಫಾರಸು ನಿಗಮಕ್ಕೆ ಕಡ್ಡಾಯ. ಹೀಗೆ ಎಲ್ಲರೂ ಕೂಡಿ ತೀರ್ಮಾನಿಸಿದ ದರಕ್ಕೆ ಮತದಾರನ ಮುಂದೆ ನಿಂತು ಉತ್ತರಿಸುವವರು ಯಾರೂ ಇಲ್ಲದಂತಾಯಿತು. ಅಧಿಕಾರವನ್ನು ಹಂಚಿಕೊಳ್ಳುವುದು ತಪ್ಪಲ್ಲ. ಹಂಚಿಕೊಂಡವರು ಹೊಣೆಯನ್ನು ಒಬ್ಬರ ಮೇಲೊಬ್ಬರು ಹಾಕುವುದು ತಪ್ಪು.

ಕೇಂದ್ರದ ಮೇಲೆ ಕರ್ನಾಟಕದ ದೂರು ನ್ಯಾಯವಾದದ್ದೆಂದೇ ನಾನು ನಂಬಿದ್ದೇನೆ. ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದ ಕಾಲದ ಶೇ 4.71ರಿಂದ 15ನೆಯದರಲ್ಲಿ ಶೇ 3.65ಕ್ಕೆ ಇಳಿಯಿತು, ಸೆಸ್ ಮತ್ತು ಸರ್‌ಚಾರ್ಜ್‌ಗಳ ಹಣವಂತೂ ಹಂಚಿಕೆಗೇ ಬರುವುದಿಲ್ಲ. ಚುನಾಯಿತ ರಾಜ್ಯ ಸರ್ಕಾರವನ್ನು ಮನಸ್ಸಿಗೆ ಬಂದಂತೆ ವಜಾ ಮಾಡುವುದಕ್ಕೆ ಸುಪ್ರೀಂ ಕೋರ್ಟ್ 1994ರಲ್ಲಿ ಕಡಿವಾಣ ಹಾಕಿದ್ದು ಕೂಡ ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂದು ಆ ತೀರ್ಪು ಸ್ಪಷ್ಟಪಡಿಸಿತು.

ಆದರೆ ದೆಹಲಿಯ ಮುಂದೆ ಇಷ್ಟು ಗಟ್ಟಿಯಾಗಿ ವಾದಿಸುವ ವಿಧಾನಸೌಧ, ತನ್ನ ಕೆಳಗಿನ ನಗರದ ವಿಷಯ ಬಂದಾಗ ದೆಹಲಿಯಂತೆಯೇ ನಡೆದುಕೊಳ್ಳುತ್ತದೆ. 74ನೇ ತಿದ್ದುಪಡಿ ನಗರ ಯೋಜನೆ, ನೀರು ಪೂರೈಕೆ ಸೇರಿ 18 ವಿಷಯಗಳನ್ನು ನಗರಾಡಳಿತಕ್ಕೆಂದು ಪಟ್ಟಿ ಮಾಡಿತಾದರೂ, ಅವನ್ನು ಕೊಡುವ ತೀರ್ಮಾನವನ್ನು ರಾಜ್ಯಕ್ಕೇ ಬಿಟ್ಟಿತು. ಬೆಂಗಳೂರಿನಲ್ಲಿ ನೀರು ಜಲಮಂಡಳಿಯ ಕೈಯಲ್ಲಿದೆ, ಬಸ್ಸು ಬಿಎಂಟಿಸಿಯ ಕೈಯಲ್ಲಿದೆ, ಬಡಾವಣೆಗಳು ಬಿಡಿಎ ಕೈಯಲ್ಲಿವೆ. ಇವೆಲ್ಲ ರಾಜ್ಯ ಸರ್ಕಾರದ ಅಧೀನ. ಪಾಲಿಕೆಯ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳಿದ್ದರೂ, 2020ರ ಸೆಪ್ಟೆಂಬರ್‌ನಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ನಗರವನ್ನು ಆಡಳಿತಾಧಿಕಾರಿಗಳೇ ನಡೆಸಿದರು. ತೆರಿಗೆಯ ಪಾಲಿಗಾಗಿ ಹಣಕಾಸು ಆಯೋಗದ ಮುಂದೆ ರಾಜ್ಯ ಮಂಡಿಸುವ ವಾದವನ್ನೇ ಪಾಲಿಕೆಗಳು ರಾಜ್ಯದ ಮುಂದೆ ಮಂಡಿಸಬೇಕು. ಹಾಗೆ ಮಂಡಿಸಲು ಮೊದಲು ಅಲ್ಲಿ ನಾವು ಆರಿಸಿ ಕಳಿಸಿದ ಸದಸ್ಯರು ಇರಬೇಕು.