ಅವರಿಗೇಕೆ ಬೇರೆ ತರಬೇತಿ?

ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ಕಳೆದ ಸಲ ಕೇಳಿದ್ದು ತಿಪಟೂರಿನ ಭಾವ, ಎಲೆಯ ಮುಂದೆ ಕುಳಿತು: "ಚುನಾವಣೆ ಎಲ್ಲರಿಗೂ ಒಂದೇ ಅಲ್ಲವೇನಯ್ಯಾ? ಸಲಿಂಗಿಗಳಿಗೆ, ಟ್ರಾನ್ಸ್‌ಜೆಂಡರ್‌ಗಳಿಗೆ ಎಂದು ಬೇರೆ ತರಬೇತಿ ಏಕೆ? ನೀನಾದರೂ ಅಲ್ಲಿ ಏನು ಕಲಿಸುತ್ತೀಯ?" ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಲ್ಲಿಗೇ ನಿಂತಿತು.

ನಾನಿರುವುದು ಅಮೆರಿಕದ ವರ್ಜೀನಿಯಾದಲ್ಲಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ವರ್ಷಕ್ಕೆ ಒಂದೆರಡು ವಾರಾಂತ್ಯ, ಚುನಾವಣೆಗೆ ನಿಲ್ಲುವ ಸಲಿಂಗಿ, ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳ ಶಿಬಿರಗಳಲ್ಲಿ ಮತದಾರರ ಪಟ್ಟಿಯನ್ನು ಓದುವುದು ಹೇಗೆಂದು ಹೇಳಿಕೊಡುತ್ತೇನೆ. ಗೆಲ್ಲಲು ಎಷ್ಟು ಮತ ಬೇಕು, ಅವು ಯಾವ ಬೀದಿಯಲ್ಲಿವೆ, ಯಾವ ಮನೆಯ ಬಾಗಿಲು ತಟ್ಟಿದರೆ ಕಾಲು ನೋವಷ್ಟೇ ಲಾಭ. ಇದರಲ್ಲಿ ಲಿಂಗವೂ ಇಲ್ಲ, ಲೈಂಗಿಕತೆಯೂ ಇಲ್ಲ. ಅಲ್ಲಿಯವರೆಗೆ ಭಾವ ಹೇಳಿದ್ದು ಸರಿ.

ಆದರೆ ನಮ್ಮಲ್ಲಿ ಶಾಸಕರ ಮಗನಿಗೆ ಯಾರು ತರಬೇತಿ ಕೊಡುತ್ತಾರೆ? ಯಾರ ಮನೆಯ ತಿಥಿಗೆ ತಪ್ಪದೆ ಹೋಗಬೇಕು, ಯಾರ ಮದುವೆಗೆ ಎಷ್ಟು ಮುಯ್ಯಿ, ಯಾವ ಮಠದ ಸ್ವಾಮಿಗಳ ಕಾಲಿಗೆ ಮೊದಲು ಬೀಳಬೇಕು ಎಂಬುದನ್ನೆಲ್ಲ ಅವನು ಮನೆಯ ಜಗುಲಿಯಲ್ಲೇ ಕಲಿತಿರುತ್ತಾನೆ. ಕರಪತ್ರಕ್ಕೆ ಹೆಂಡತಿ ಮಕ್ಕಳ ಚಿತ್ರ ಸಿದ್ಧವಾಗಿರುತ್ತದೆ. ಅಮೆರಿಕದಲ್ಲೂ ಮಠದ ಬದಲು ಚರ್ಚು, ಜಗುಲಿಯ ಬದಲು ಕಾಲೇಜಿನ ಹಳೆಯ ಗೆಳೆಯರು. ಮನೆಯಿಂದ ಹೊರಬಿದ್ದವರಿಗೆ ಈ ಜಗುಲಿಯೇ ಇರುವುದಿಲ್ಲ.

ಒಂದು ಶಿಬಿರದ ಮೊದಲ ದಿನ ಎಲ್ಲರಿಗೂ ಹಳದಿ ಹಾಳೆಯ ಪುಸ್ತಕ ಕೊಟ್ಟು, ಹಣ ಕೇಳಬಹುದಾದ ಇನ್ನೂರು ಜನರ ಹೆಸರು ಬರೆಯಿರಿ ಎಂದೆವು. ಶಾಲಾ ಮಂಡಳಿಗೆ ಸ್ಪರ್ಧಿಸಲು ಬಂದಿದ್ದ ಶಿಕ್ಷಕಿಯೊಬ್ಬರು ಸರಸರನೆ ಬರೆದರು, ನಲವತ್ತೊಂದಕ್ಕೆ ಪೆನ್ನು ನಿಂತಿತು. ಸೋದರತ್ತೆ, ಚಿಕ್ಕಪ್ಪ, ಅವರ ಮಕ್ಕಳು ಎಂದು ಪಕ್ಕದವರು ಪುಟ ತುಂಬಿಸುತ್ತಿದ್ದರು. ಈಕೆಯ ಪಟ್ಟಿಯಲ್ಲಿ ರಕ್ತಸಂಬಂಧದ ಒಂದು ಹೆಸರೂ ಇರಲಿಲ್ಲ. "ಮಾತು ಬಿಟ್ಟವರನ್ನೂ ಬರೆಯಿರಿ. ಬರೆದ ಮಾತ್ರಕ್ಕೆ ಫೋನ್ ಮಾಡಬೇಕೆಂದಿಲ್ಲ" ಎಂದರು ಶಿಬಿರ ನಡೆಸುತ್ತಿದ್ದವರು. ಆಕೆ ತುಂಬ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, ಕಡೆಗೆ "ಅಮ್ಮ" ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಭಾವ, ಬೇರೆ ತರಬೇತಿ ಬೇಕಾಗುವುದು ಆ ಚಿಹ್ನೆಗೆ. ಅಮೆರಿಕದಲ್ಲಿ ಇಂಥ ಅಭ್ಯರ್ಥಿಗಳಿಗೆ ನೆರವಾಗುವ ವಿಕ್ಟರಿ ಫಂಡ್ ಎಂಬ ಸಂಸ್ಥೆ 1991ರಲ್ಲಿ ಹುಟ್ಟಿದ್ದೂ ಹೆಚ್ಚುಕಡಿಮೆ ಇದೇ ಕೊರತೆ ತುಂಬಲು. ಮಹಿಳಾ ಅಭ್ಯರ್ಥಿಗಳಿಗೆ ಆರಂಭದಲ್ಲೇ ಹಣ ಹೊಂದಿಸಿಕೊಡುತ್ತಿದ್ದ ಎಮಿಲೀಸ್ ಲಿಸ್ಟ್ ಅದಕ್ಕೆ ಮಾದರಿ. ವಿಕ್ಟರಿ ಫಂಡ್‌ನ ಸೋದರ ಸಂಸ್ಥೆಯಾದ ವಿಕ್ಟರಿ ಇನ್‌ಸ್ಟಿಟ್ಯೂಟ್ ಅಭ್ಯರ್ಥಿಗಳಿಗೆ ನಾಲ್ಕು ದಿನಗಳ ಶಿಬಿರ ನಡೆಸುತ್ತದೆ.

ಅದಕ್ಕೂ ಮೊದಲು ಎಲ್ಲರೂ ಬಿದ್ದು ಎದ್ದು ಕಲಿತವರೇ. ತಾನು ಸಲಿಂಗಿ ಎಂದು ಹೇಳಿಕೊಂಡೇ ಚುನಾವಣೆಗೆ ನಿಂತ ಸ್ಯಾನ್‌ಫ್ರಾನ್ಸಿಸ್ಕೋದ ಹಾರ್ವಿ ಮಿಲ್ಕ್ 1973, 1975 ಮತ್ತು 1976ರಲ್ಲಿ ಸೋತರು. ಮೊದಲ ಸೋಲಿನ ಬಳಿಕ ಜುಟ್ಟು ಕತ್ತರಿಸಿ, ಸೂಟು ತೊಟ್ಟರು. 1977ರಲ್ಲಿ ನಗರ ಮಂಡಳಿಗೆ ಗೆದ್ದದ್ದು ಸೂಟಿನಿಂದ ಎನ್ನುವವರಿದ್ದಾರೆ. ಪಟ್ಟಿ ಓದುವವನಾದ ನನ್ನ ಲೆಕ್ಕ ಬೇರೆ. ಆ ವರ್ಷ ನಗರವಿಡೀ ಒಂದೇ ಕ್ಷೇತ್ರವಾಗಿದ್ದ ಪದ್ಧತಿ ಹೋಗಿ ವಾರ್ಡುಗಳು ಬಂದವು. ಸಲಿಂಗಿಗಳು ಹೆಚ್ಚಾಗಿದ್ದ ಅವರ ಕ್ಯಾಸ್ಟ್ರೊ ಬಡಾವಣೆಯ ಮತ ಊರಿನ ಮತದಲ್ಲಿ ಕರಗಿಹೋಗದೆ ಒಟ್ಟಿಗೆ ಉಳಿಯಿತು. ಮರುವರ್ಷ ನವೆಂಬರ್ 27ರಂದು ಅವರನ್ನು ಗುಂಡಿಕ್ಕಿ ಕೊಂದರು. ಶಿಬಿರಗಳಲ್ಲಿ ಸುರಕ್ಷತೆಗೆಂದೇ ಒಂದು ಅವಧಿ ಇರುವುದನ್ನು ಕಂಡು ಯಾರೂ ನಗುವುದಿಲ್ಲ.

ಇನ್ನೊಂದು ಅಭ್ಯಾಸ ನನಗೆ ಅತ್ಯಂತ ಪ್ರಿಯ. ನಮ್ಮಲ್ಲೊಬ್ಬರು ಸಿಟ್ಟಿನ ಮತದಾರನಾಗಿ ಬಾಗಿಲು ತೆರೆದು, ಕೇಳಬಾರದ್ದನ್ನೆಲ್ಲ ಕೇಳುತ್ತಾರೆ. ಗಡಿಯಾರ ನನ್ನ ಕೈಯಲ್ಲಿ. ಹೊಸಬರು ತಮ್ಮ ಬದುಕಿನ ಸಮರ್ಥನೆಗೆ ಎಂಟು ನಿಮಿಷ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ನಾಲ್ಕು ಮನೆ ಮುಗಿಸಬಹುದಿತ್ತು. ಕಲಿಸುವುದು ಇಷ್ಟೇ: ಅಡಗಿಸಬೇಡಿ, ಹೌದು ಎನ್ನಿ, ಮುಂದಿನ ವಾಕ್ಯದಲ್ಲಿ ಅವರ ಬೀದಿಯ ಚರಂಡಿಗೆ ಬನ್ನಿ.

ಇದರಲ್ಲಿ ಪಳಗಿದವರು ಡ್ಯಾನಿಕಾ ರೋಮ್. ನಮ್ಮ ಮನೆಯಿಂದ ದೂರವೇನಲ್ಲ, ಮನಾಸಸ್ ಕಡೆಯವರು, ಪತ್ರಕರ್ತೆ, ಟ್ರಾನ್ಸ್‌ಜೆಂಡರ್ ಮಹಿಳೆ. 2017ರ ವರ್ಜೀನಿಯಾ ಶಾಸನಸಭೆಯ ಚುನಾವಣೆಯಲ್ಲಿ ಅವರ ಎದುರಾಳಿ ಬಾಬ್ ಮಾರ್ಷಲ್, 1992ರಿಂದ ಸ್ಥಾನ ಬಿಡದವರು, ರಾಜ್ಯದ ಪರಮ ಸಲಿಂಗದ್ವೇಷಿ ಎಂದು ತಮ್ಮನ್ನು ತಾವೇ ಕರೆದುಕೊಂಡವರು. ರೋಮ್ ಮಳೆಬಿಲ್ಲಿನ ಬಣ್ಣದ ಪಟ್ಟಿಯನ್ನು ತಲೆಗೆ ಕಟ್ಟಿಕೊಂಡೇ ಮನೆಮನೆಗೆ ಹೋದರು, ಮಾತಾಡಿದ್ದು ಮಾತ್ರ 28ನೇ ಮಾರ್ಗದ ವಾಹನ ದಟ್ಟಣೆಯ ಬಗ್ಗೆ. ಆ ರಸ್ತೆಯಲ್ಲಿ ನಾನೂ ಸಿಕ್ಕಿಕೊಂಡು ಶಪಿಸಿದವನು, ಹಾಗಾಗಿ ನಿಷ್ಪಕ್ಷಪಾತಿಯಲ್ಲ. ಗೆದ್ದ ರಾತ್ರಿ ಮಾರ್ಷಲ್ ಬಗ್ಗೆ ಕೇಳಿದಾಗ ಆಕೆ, ನನ್ನ ಮತದಾರರನ್ನು ನಾನು ಟೀಕಿಸುವುದಿಲ್ಲ, ಬಾಬ್ ಈಗ ನನ್ನ ಮತದಾರ ಎಂದರು.

ನಮ್ಮ ದೇಶದ ಕಥೆಯಲ್ಲಿ ಪೆಟ್ಟು ಬಿದ್ದದ್ದು ಅರ್ಜಿಯ ಒಂದು ಕಾಲಂನಿಂದ. ಮಧ್ಯಪ್ರದೇಶದ ಕಟ್ನಿಯಲ್ಲಿ ಹಿಜಡಾ ಸಮುದಾಯದ ಕಮಲಾ ಜಾನ್ ಮೇಯರ್ ಆದರು. ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು, ಕಾನೂನಿನ ಕಣ್ಣಿಗೆ ಆಕೆ ಗಂಡು ಎಂದು ಕೋರ್ಟು ಆಯ್ಕೆಯನ್ನೇ ರದ್ದು ಮಾಡಿತು. ಜನ ಕೊಟ್ಟ ಮತ ಕಾಗದಕ್ಕೆ ಸೋತಿತು. ಮೂರನೆಯ ಲಿಂಗವನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು 2014ರ ಏಪ್ರಿಲ್‌ನಲ್ಲಿ. ಮರುವರ್ಷ ಜನವರಿಯಲ್ಲಿ ಛತ್ತೀಸ್‌ಗಢದ ರಾಯಗಢದಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿ ಮಧು ಕಿನ್ನರ್ ಪಕ್ಷೇತರರಾಗಿ ನಿಂತು, ಬಿಜೆಪಿ ಅಭ್ಯರ್ಥಿಯನ್ನು ಸೋಲಿಸಿ ಮೇಯರ್ ಆದರು. ಹಾಗಾಗಿ ನಾಮಪತ್ರ ತುಂಬುವುದೂ ನನ್ನ ಲೆಕ್ಕದಲ್ಲಿ ತರಬೇತಿಯೇ.

ಆ ಶಿಕ್ಷಕಿ ಸೋತರು ಎಂಬುದನ್ನೂ ಹೇಳಿಬಿಡಬೇಕು. ಶಿಬಿರಕ್ಕೆ ಬಂದವರೆಲ್ಲ ಗೆಲ್ಲುತ್ತಾರೆಂದು ಭಾವ ಭಾವಿಸುವುದು ಬೇಡ. ಮೊನ್ನೆ ಆಕೆಯ ಫೋನ್ ಬಂತು. ಮತ್ತೆ ನಿಲ್ಲುತ್ತಾರಂತೆ. ದೇಣಿಗೆ ಕೇಳುವಾಗ ಮೊತ್ತ ಹೇಳಿ ಬಾಯಿ ಮುಚ್ಚಿಕೊಂಡಿರಬೇಕು, ಮೊದಲು ಮಾತಾಡಿದವರು ಸೋತರು ಎಂಬುದು ಶಿಬಿರದ ಪಾಠ. "ನೂರು ಡಾಲರ್ ಕೊಡುತ್ತೀರಾ?" ಎಂದು ಕೇಳಿ ಆಕೆ ಸುಮ್ಮನಾದರು. ನನ್ನ ಬಳಿ ಇರುವುದು ಗ್ರೀನ್ ಕಾರ್ಡ್. ಮತ ಹಾಕುವಂತಿಲ್ಲ, ದೇಣಿಗೆ ಕೊಡಬಹುದು. ಅದು ಆಕೆಗೂ ಗೊತ್ತು. ಫ್ರಿಜ್ಜಿನ ಸದ್ದು ಕೇಳುವಷ್ಟು ಹೊತ್ತು ಸುಮ್ಮನಿದ್ದು ನೋಡಿದೆ.

"ಆಗಲಿ" ಎಂದೆ. ಪಟ್ಟಿಯಲ್ಲಿ ನನ್ನದು ಎಷ್ಟನೇ ಹೆಸರು ಎಂದು ಕೇಳಿದೆ. ಎರಡನೆಯದಂತೆ. ಮೊದಲ ಕರೆ ಅಮ್ಮನಿಗೆ ಮಾಡಿದ್ದರಂತೆ; ಇಪ್ಪತ್ತು ಡಾಲರ್ ಬಂತಂತೆ.