ಹಿಂಡಿ ಖಾರ ಆಗಿತ್ತು

ನನಗೆ ಆಟ ಅಂದರೆ ಅಲರ್ಜಿ. ಐಪಿಎಲ್ ಶುರುವಾದರೆ ನಮ್ಮ ಮನೆಯಲ್ಲಿ ಟಿವಿ ಕೋಣೆಗೆ ಕಾಲಿಡದವನು ನಾನೊಬ್ಬನೇ. ಶಾಲೆಯಲ್ಲಿ ಪಿ.ಟಿ. ಪೀರಿಯಡ್‌ನಲ್ಲಿ ಟೀಮ್ ಮಾಡುವಾಗ ಕೊನೆಗೆ ಉಳಿಯುತ್ತಿದ್ದವನೂ ನಾನೇ. ನನ್ನ ಕೆಲಸ ಒಂದೇ: ಜಾಲಿ ಕಂಟಿಯಲ್ಲಿ ಬಿದ್ದ ಬಾಲ್ ತರುವುದು. ಕೈ ತುಂಬಾ ಮುಳ್ಳು.

ಹೋದ ಮೇ ತಿಂಗಳಲ್ಲಿ ಅಕ್ಕನ ಮಗ ರಜೆಗೆಂದು ಕಲಬುರಗಿಗೆ ಬಂದ. ನಮ್ಮೂರಿನ ಮೇ ಬಿಸಿಲು ಗೊತ್ತಲ್ವಾ? ಹನ್ನೊಂದರ ಮೇಲೆ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಕೂಲರ್ ಮುಂದೆ ಬಿದ್ದುಕೊಂಡು ಅವನು ಮೊಬೈಲ್‌ನಲ್ಲಿ ಜಪಾನಿನ ಕಾರ್ಟೂನ್ ನೋಡುತ್ತಿದ್ದ. ಹೆಸರು 'ಹೈಕ್ಯೂ'. ವಾಲಿಬಾಲ್ ಕತೆ.

"ಮಾಮಾ, ಒಂದೇ ಎಪಿಸೋಡ್ ನೋಡ್ರಿ."

"ಆಟದ್ದು ನಂಗ್ಯಾಕೋ?"

ಸುಮ್ನೆ ಕಣ್ಣು ಹಾಯಿಸಿದೆ. ಕಥಾನಾಯಕ ಹಿನಾಟಾ ಕುಳ್ಳ. ಎತ್ತರ 162 ಸೆಂಟಿಮೀಟರ್ ಚಿಲ್ಲರೆ. ಗಂಡಸರ ವಾಲಿಬಾಲ್ ನೆಟ್ಟೇ 2.43 ಮೀಟರ್. ಇವನಿಗೆ ಯಾಕೆ ಬೇಕಿತ್ತು ಈ ಉಸಾಬರಿ ಅನ್ನಿಸಿತು. ಅವನಿಗೆ ಬಾಲ್ ಎತ್ತಿ ಕೊಡುವವನು ಕಾಗೆಯಾಮಾ, ಮಹಾ ಸಿಡುಕ. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಆದರೆ ಈ ಆಟದಲ್ಲಿ ಬಾಲ್ ಹಿಡಿದುಕೊಂಡು ನಿಲ್ಲುವ ಹಾಗಿಲ್ಲ, ಒಬ್ಬನೇ ಎರಡು ಸಲ ಸತತವಾಗಿ ಮುಟ್ಟುವ ಹಾಗೂ ಇಲ್ಲ. ಸ್ಮ್ಯಾಶ್ ಹೊಡೆಯಬೇಕೆಂದರೆ ಇನ್ನೊಬ್ಬ ಲಿಫ್ಟ್ ಕೊಡಲೇಬೇಕು. ಜಗಳ ಆಡಿಕೊಂಡೇ ಒಟ್ಟಿಗೆ ಬಾಳಬೇಕು. ನಮ್ಮ ಕೂಡುಕುಟುಂಬದ ಹಾಗೆ!

ಒಂದು ಬಾಲ್ ಗಾಳಿಯಲ್ಲಿ ಇರುವಷ್ಟರಲ್ಲಿ ಇವರು ಅರ್ಧ ಜೀವನಚರಿತ್ರೆ ನೆನಪಿಸಿಕೊಳ್ಳುತ್ತಾರೆ. ಅದು ಈಗಲೂ ಜಾಸ್ತಿ ಅನ್ನಿಸುತ್ತದೆ.

ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ಟೂರ್ನಿಯ ಮೊದಲ ಮ್ಯಾಚ್‌ನಲ್ಲಿ ಹಿನಾಟಾನ ಶಾಲೆ ಕರಾಸುನೊ ಗೆಲ್ಲುತ್ತದೆ. ಗೆದ್ದವರ ಕುಣಿತ ತೋರಿಸಿ ಮುಂದೆ ಹೋಗುತ್ತಾರೆ ಅಂದುಕೊಂಡೆ. ಇಲ್ಲ. ಸೋತವರ ಹತ್ತಿರ ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲೇ ಮನೆಗೆ ಹೊರಟ, ನಾಳೆ ಯಾರಿಗೂ ನೆನಪಿರದ ಹುಡುಗರು. ನಾವೂ ವಾಲಿಬಾಲ್ ಆಡಿದೆವು ಅನ್ನುವಷ್ಟೇ ಅವರ ಪಾಲು. ನನಗೆ ಜಾಲಿ ಕಂಟಿ ನೆನಪಾಯಿತು.

ಆಮೇಲೆ ಯಮಗುಚಿ ಬಂದ. ಕರಾಸುನೊದ ಬೆಂಚಿನ ಹುಡುಗ. ಮುಂದಿನ ಒಂದು ಮ್ಯಾಚ್ ಬಿಗಿಯಾದಾಗ ಬರೀ ಒಂದು ಸರ್ವಿಸ್ ಮಾಡಲು ಒಳಗೆ ಕಳಿಸುತ್ತಾರೆ. ಕೈ ನಡುಗುತ್ತಿದೆ. ಹೊಡೆದ ಬಾಲ್ ನೆಟ್‌ಗೆ ಬಡಿದು ಈಚೆಯೇ ಬೀಳುತ್ತದೆ. ಅಷ್ಟೇ, ವಾಪಸ್ ಬೆಂಚಿಗೆ. ನಾನು ಎದ್ದು ಕೂತಿದ್ದೆ. ಆ ಮ್ಯಾಚ್ ಕರಾಸುನೊ ಸೋಲುತ್ತದೆ.

ಮೊದಲ ಸೀಸನ್ 25 ಎಪಿಸೋಡ್. ನಾಲ್ಕೇ ದಿನಕ್ಕೆ ಮುಗಿಸಿದೆ. ಕರೆಂಟ್ ಹೋದಾಗ ಬೆವರು ಒರೆಸಿಕೊಳ್ಳುತ್ತ ನೋಡಿದೆ. ಕೊನೆಯ ಎಪಿಸೋಡ್‌ಗಳನ್ನು ರೊಟ್ಟಿ ಊಟಕ್ಕೆ ಕೂತಾಗ ಹಾಕಿದೆ. ತಪ್ಪಾಯಿತು. ಸೋತ ಹುಡುಗರನ್ನು ಕೋಚ್ ಊಟಕ್ಕೆ ಕರೆದೊಯ್ಯುತ್ತಾನೆ. ತಿನ್ನಿ ಅನ್ನುತ್ತಾನೆ. ಅಷ್ಟೂ ಮಂದಿ ಅಳುತ್ತ, ಬಾಯಿ ತುಂಬಿಕೊಂಡು ತಿನ್ನುತ್ತಾರೆ. ನನ್ನ ಕೈಯಲ್ಲೂ ತುತ್ತು.

"ಯಾಕ್ರಿ, ಶೇಂಗಾ ಹಿಂಡಿ ಭಾಳ ಖಾರ ಆಗ್ಯದೇನು?" ಹೆಂಡತಿ ಕೇಳಿದಳು.

"ಹೂಂ, ಜರಾ ಖಾರ ಆಗ್ಯದ."

ಅಳಿಯ ಗೋಡೆ ಕಡೆ ತಿರುಗಿ ನಕ್ಕ. ಅವಳು ತಟ್ಟೆಗೆ ಮೊಸರು ಹಾಕಿದಳು. ಅಂದಿನಿಂದ ಹಿಂಡಿಗೆ ಖಾರ ಕಡಿಮೆ ಹಾಕುತ್ತಿದ್ದಾಳೆ. ಸಪ್ಪೆ ಹಿಂಡಿ ತಿನ್ನುತ್ತ ಎರಡನೇ ಸೀಸನ್ ನೋಡುತ್ತಿದ್ದೇನೆ.