ಬೆಣ್ಣೆ ದೋಸೆ ‘ಡೋಸ್’ ಆಗೋದು ಯಾಕೆ?

ಕನ್ನಡ ಶಾಲೆಯ ಮೂರನೇ ಕ್ಲಾಸಿನ ಮಗು ‘ಎಂ ಎ ಟಿ’ ಅಂತ ಇಂಗ್ಲಿಷ್ ಅಕ್ಷರಗಳನ್ನು ಪಟಪಟ ಹೇಳುತ್ತೆ. ಕೂಡಿಸಿ ಓದು ಅಂದರೆ ಸುಮ್ಮನಾಗುತ್ತೆ, ಇಲ್ಲವೇ ‘ಮಾಟ’ ಅನ್ನುತ್ತೆ. ಇದನ್ನು ದಡ್ಡತನ ಅಂದುಕೊಳ್ಳಬೇಡಿ. ಕನ್ನಡದ ‘ಮ’ದೊಳಗೇ ‘ಅ’ ಕೂತಿದೆ. ಮಗು ಅದೇ ಲೆಕ್ಕವನ್ನು ಇಂಗ್ಲಿಷಿಗೂ ಹಾಕುತ್ತೆ. ಆದ್ದರಿಂದ ಪಾಠ ಅರ್ಧಾಕ್ಷರದಿಂದಲೇ ಶುರುವಾಗಲಿ. ಹಲಗೆ ಮೇಲೆ ‘ಮ್’, ‘ಟ್’ ಬರೆದು, ಎಂ ಅಕ್ಷರದ ಸದ್ದು ಇಷ್ಟೇ ಅಂತ ತೋರಿಸಿ. ಟೀಚರ್ ಬಾಯಲ್ಲೇ ‘ಮ’ ಬಂದರೆ ಮಕ್ಕಳು ಅದನ್ನೇ ಹಿಡಿಯುತ್ತಾರೆ. ಹೆಚ್ಚಿನ ಕಡೆ ಕೆಡೋದು ಇಲ್ಲೇ.

ಇನ್ನು ಅಕ್ಷರ ಜೋಡಿಸಿ ಪದ ಮಾಡುವ ಚೀಟಿಗಳು. ಹಳೇ ಲಗ್ನಪತ್ರಿಕೆಗಳನ್ನು ಎರಡು ಇಂಚಿನ ಚೌಕಗಳಾಗಿ ಕತ್ತರಿಸಿ. ಮೊದಲಿಗೆ ಆರೇ ಅಕ್ಷರ ಸಾಕು: ಎಂ, ಎಸ್, ಎನ್, ಟಿ, ಪಿ ಕಪ್ಪು ಮಾರ್ಕರ್‌ನಲ್ಲಿ, ಎ ಕೆಂಪಿನಲ್ಲಿ. ಎಲ್ಲವೂ ಸಣ್ಣಕ್ಷರ. ಎಂ, ಎಸ್, ಎನ್ ಮೊದಲು ಯಾಕೆಂದರೆ ಅವುಗಳ ಸದ್ದನ್ನು ಎಳೆಯಬಹುದು: ಮ್‌ಮ್‌ಮ್‌ಆ್ಯಟ್. ಪ್, ಟ್ ಎಳೆಯಲು ಬರೋದಿಲ್ಲ. ಅವುಗಳಿಂದ ಶುರುವಾಗುವ ಪದಗಳು ಎರಡನೇ ವಾರಕ್ಕಿರಲಿ. ‘ಆ್ಯ’ಗೆ ವರ್ಣಮಾಲೆಯಲ್ಲಿ ಜಾಗವಿಲ್ಲ, ಆದರೆ ‘ಬ್ಯಾಟ್’ ಅನ್ನದ ಮಗು ಇಲ್ಲ. ಆ ಪದದಿಂದಲೇ ಸದ್ದು ಹಿಡಿಸಿ.

ಈ ಆರರಲ್ಲೇ ಮ್ಯಾಟ್, ಮ್ಯಾಪ್, ಮ್ಯಾನ್, ಸ್ಯಾಟ್, ನ್ಯಾಪ್, ಟ್ಯಾಪ್, ಪ್ಯಾನ್ ಆಗುತ್ತವೆ, ಕೊನೆಗೆ ಸ್ಟ್ಯಾಂಪ್ ಕೂಡ. ‘ಇಸ್ಟ್ಯಾಂಪ್’ ಅನ್ನುವವರಿಗೆ ಎಸ್ ಚೀಟಿಯನ್ನು ಒಂದು ಗೇಣು ದೂರ ಇಟ್ಟು, ‘ಸ್‌ಸ್‌ಸ್’ ಅನ್ನುತ್ತಾ ಉಳಿದವುಗಳ ಹತ್ತಿರ ಸರಿಸಲು ಹೇಳಿ. ಸದ್ದು ನಿಲ್ಲಿಸಬಾರದು. ನಾಲ್ಕೈದು ಸಲಕ್ಕೆ ಆ ‘ಇ’ ಉದುರುತ್ತೆ. ಬಿ ಮತ್ತು ಡಿ ಒಂದೇ ವಾರ ಬೇಡ. ಸಣ್ಣಕ್ಷರದ ಬಿ ಗೆರೆಯಿಂದ ಶುರು, ಡಿ ಸೊನ್ನೆಯಿಂದ ಶುರು. ಕೈಗೆ ರೂಢಿಯಾದರೆ ಕಣ್ಣಿಗೂ ಆಗುತ್ತೆ.

ಇಂಗ್ಲಿಷ್ ಸಾಲಿನ ಮೇಲೆ ‘ದಿಸ್ ಈಸ್ ಎ ಕ್ಯಾಟ್’ ಅಂತ ಕನ್ನಡದಲ್ಲಿ ಬರೆಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮಗು ಕನ್ನಡವನ್ನಷ್ಟೇ ಓದುತ್ತೆ, ನಮಗೆ ಇಂಗ್ಲಿಷ್ ಓದಿದ ಹಾಗೆ ಕೇಳಿಸುತ್ತೆ.

ಆಮೇಲೆ ಏಳನೇ ಚೀಟಿ ‘ಇ’. ಮ್ಯಾಟ್ ಪಕ್ಕ ಇಟ್ಟರೆ ಮೇಟ್, ಟ್ಯಾಪ್ ಪಕ್ಕ ಇಟ್ಟರೆ ಟೇಪ್. ಇ ತಾನು ಬಾಯಿ ಬಿಡದೆ ಹಿಂದಿನ ಸ್ವರವನ್ನು ಬದಲಿಸುತ್ತೆ. ಇದು ಬಂದ ಮಗುವನ್ನು ದಾವಣಗೆರೆಯ ಯಾವುದಾದರೂ ಬೆಣ್ಣೆ ದೋಸೆ ಹೋಟೆಲಿನ ಬೋರ್ಡಿನ ಮುಂದೆ ನಿಲ್ಲಿಸಿ. ದೋಸೆಯನ್ನು ಡಿ, ಒ, ಎಸ್, ಇ ಅಂತ ಬರೆದಿದ್ದರೆ ಮಗು ‘ಡೋಸ್’ ಅಂತ ಓದುತ್ತೆ. ನಗಬೇಡಿ, ನಿಯಮದ ಪ್ರಕಾರ ಅದೇ ಸರಿ, ಔಷಧಿಯ ಡೋಸ್‌ಗೂ ಅದೇ ಸ್ಪೆಲಿಂಗ್. ಹೊಳಲ್ಕೆರೆ, ಚಳ್ಳಕೆರೆ ಬಸ್ಸಿನ ಬೋರ್ಡಿನಲ್ಲೂ ಹೀಗೇ ‘ಕೆರೆ’ ಹೋಗಿ ‘ಕೀರ್’ ಆಗುತ್ತೆ. ನಮ್ಮ ಊರು, ತಿಂಡಿಗಳ ಹೆಸರಲ್ಲಿ ಕೊನೆಯ ಇ ಮಾತಾಡುತ್ತೆ ಅಂತ ಬೇರೆ ಪಟ್ಟಿ ಮಾಡಿಸಿ. ದಾವಣಗೆರೆಗಂತೂ ಎರಡು ಸ್ಪೆಲಿಂಗ್ ಕಾಣುತ್ತವೆ, ಎನ್ ಆದ ಮೇಲೆ ಎ ಇರುವುದೊಂದು, ಇಲ್ಲದ್ದೊಂದು. ನಾವು ‘ಣ’ ಅನ್ನುವ ಕಡೆ ಇಂಗ್ಲಿಷಿನಲ್ಲಿ ಬರೀ ಎನ್ ಇದೆ ಅನ್ನೋದನ್ನೂ ಮಕ್ಕಳೇ ಕಂಡುಹಿಡಿಯಲಿ. ಬೋರ್ಡುಗಳಲ್ಲಿ ದೊಡ್ಡಕ್ಷರವೇ ಜಾಸ್ತಿ, ಹಾಗಾಗಿ ಅದನ್ನು ಕಲಿಸಿದ ಮೇಲೇ ಬೀದಿಗೆ ಕರೆದೊಯ್ಯಿರಿ.

ಓದಲು ಪುಸ್ತಕ ಬೇಕಾದರೆ ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳು ಉಚಿತ. ಹಂತ ಒಂದರಲ್ಲಿ ಪುಟಕ್ಕೆ ಒಂದೆರಡು ಸಾಲು ಇರುವಂಥದ್ದನ್ನು ಆರಿಸಿ. ಅದೇ ಕಥೆ ಕನ್ನಡದಲ್ಲೂ ಇದ್ದರೆ ಮೊದಲು ಕನ್ನಡದಲ್ಲಿ ಓದಿಸಿ, ಇಂಗ್ಲಿಷನ್ನು ಮರುದಿನ ಕೊಡಿ. ಎರಡನ್ನೂ ಒಟ್ಟಿಗೆ ಇಟ್ಟರೆ ಕಣ್ಣು ಕನ್ನಡದ ಕಡೆಗೇ ಓಡುತ್ತೆ.

ಬರವಣಿಗೆಗೆ ಕಾಪಿ ತಿದ್ದಿಸೋದಕ್ಕಿಂತ ದಿನಾ ಐದು ಪದದ ಉಕ್ತಲೇಖನ ವಾಸಿ: ಪದ ಹೇಳಿ, ಸದ್ದುಗಳನ್ನು ಬೆರಳಲ್ಲಿ ಎಣಿಸಲಿ, ಆಮೇಲೆ ಬರೆಯಲಿ. ವಾಕ್ಯಕ್ಕೆ ಬಂದಾಗ ‘ಹೀ ಟೀಚರ್’ ಅನ್ನೋದು ಗ್ಯಾರಂಟಿ, ‘ಅವರು ಟೀಚರ್’ ಅನ್ನುವಾಗ ಕನ್ನಡಕ್ಕೆ ‘ಈಸ್’ ಬೇಕಿಲ್ಲವಲ್ಲ. ‘ಈಸ್’ ಅನ್ನು ಹಳದಿ ಚೀಟಿಯಲ್ಲಿ ಬರೆದು, ಆ ಚೀಟಿ ಇಡದೆ ವಾಕ್ಯ ಓದುವ ಹಾಗಿಲ್ಲ ಅಂತ ಆಟ ಮಾಡಿ.